ಕಾಯಿ ಬಿಡದ ಉಪ್ಪಾಗೆ

ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂದು ನಮ್ಮಲ್ಲೊಂದು ಗಾದೆಯುಂಟು. ಈ ಗಾದೆಯನ್ನು ಮಾಡಿದವರು ಬಯಲುಸೀಮೆಯವರೇ ಇರಬೇಕೆಂದು ನನಗೆ ಬಹುಕಾಲದ ಗುಮಾನಿ. ಏಕೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರಾದ ನಮಗೆ ಹುಣಸೆಯೆಂಬುದು ಸಂತೆಯಿಂದ ಚೀಲದಲ್ಲಿ ಬರುವ ಸರಕೇ ಹೊರತು ಹಿತ್ತಲಿನ ಮರವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಒಣನೆಲವನ್ನೂ ಚುರುಕು ಬಿಸಿಲನ್ನೂ ಬಯಸುವ ಹುಣಸೆಗೆ ಈ ಕೆಸರಿನ ಸಹವಾಸ ಒಗ್ಗದು.

ಹಾಗೆಂದು ಮಲೆನಾಡಿನ ಅಡಿಗೆಮನೆ ಹುಳಿಯ ವಿಷಯದಲ್ಲಿ ಬಡವಾದುದೆಂದು ವಾಚಕರು ಭಾವಿಸಬಾರದು. ನಮ್ಮಲ್ಲಿ ವಾಟೆಹುಳಿಯಿದೆ, ಮುರುಗಲಿದೆ, ಅಂಬಟೆಯಿದೆ, ಬಿಂಬುಳಿಯಿದೆ, ಕಂಚಿಯಿದೆ. ಹೊಳೆಯಂಚಿನ ಅಪ್ಪೆಮಿಡಿಯಂತೂ ಇದ್ದೇ ಇದೆ. ಇವುಗಳ ಸಾಲಿನಲ್ಲಿ ಹೆಚ್ಚು ಹೊಗಳಿಕೆಗೆ ಪಾತ್ರವಾಗದೆ, ಅಡಿಗೆಮನೆಯ ಮೂಲೆಯ ಭರಣಿಯಲ್ಲಿ ಕಪ್ಪಗೆ ಕುಳಿತಿರುವುದು ಉಪ್ಪಾಗೆ. ನಾನು ಇಂದು ಹೇಳಹೊರಟಿರುವುದು ಅದರ ಮಾತನ್ನು.

ಉಪ್ಪಾಗೆಯನ್ನು ಕಾಣದವರಿಗಾಗಿ ಎರಡು ಮಾತು. ಇದು ಕಾನಿನಲ್ಲಿ, ಹಳ್ಳದ ಬದಿಯಲ್ಲಿ, ಸೊಪ್ಪಿನ ಬೆಟ್ಟದ ತಂಪು ಮೂಲೆಯಲ್ಲಿ ತಾನಾಗಿ ಬೆಳೆಯುವ ನಿತ್ಯಹಸುರಿನ ಮರ. ಎಲೆ ದಟ್ಟಹಸುರು; ಎಣ್ಣೆ ಸವರಿದಂತೆ ಹೊಳೆಯುವಂಥದು. ಕೊಂಬೆಗಳು ಅಡ್ಡಡ್ಡವಾಗಿ ಚಾಚಿ ತುದಿಯಲ್ಲಿ ಬಾಗಿರುತ್ತವೆ. ಬೇಸಗೆಯ ಮೊದಲಲ್ಲಿ ಹೂವಾಗಿ, ಮಳೆಗಾಲದ ನಡುವೆ ಹಣ್ಣಾಗುತ್ತದೆ. ಹಣ್ಣು ಪುಟ್ಟ ಕುಂಬಳಕಾಯಿಯ ಆಕಾರದ್ದು. ಮೈಮೇಲೆ ಉದ್ದಕ್ಕೂ ಆಳವಾದ ಗೀರುಗಳು. ಒಳಗಿನ ಬೀಜದ ಸುತ್ತಲಿನ ತಿರುಳು ಮಕ್ಕಳಿಗೂ ಮಂಗಗಳಿಗೂ ಸಮಾನವಾಗಿ ಪ್ರಿಯ. ಸಿಪ್ಪೆಯನ್ನು ಒಣಗಿಸಿದರೆ ಹುಳಿಯಾಯಿತು. ಬೀಜವನ್ನು ಜಜ್ಜಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವುದು ಉಪ್ಪಾಗೆ ತುಪ್ಪ. ಆಕಳ ತುಪ್ಪಕ್ಕೆ ಕೈ ಎಟುಕದ ಮನೆಗಳಲ್ಲಿ ದೋಸೆಯ ಕಾವಲಿಗೆ ಈ ತುಪ್ಪವೇ ಆಧಾರವಾಗಿತ್ತು.

ಕೊಡಗಿನವರು ಇದರ ರಸವನ್ನು ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದವರಿಗೆ ಇದು ಕೊಡಂಪುಳಿ. ಅದಿಲ್ಲದೆ ಅವರ ಮೀನಿನ ಸಾರು ಪೂರ್ಣವಾಗದು. ಹುಣಸೆಯ ನಂಟು ಬಿಡಲಾರದ ಇಂಗ್ಲಿಷರು ಇದನ್ನು ಮಲಬಾರಿನ ಹುಣಸೆಯೆಂದು ಕರೆದರು. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥದ ಮೊದಲ ಸಂಪುಟದಲ್ಲಿಯೇ, ಎಂದರೆ 1678ರಲ್ಲಿಯೇ, ಇದರ ಚಿತ್ರ ಅಚ್ಚಾಗಿದೆ. ಮುಂದೆ ಲಿನ್ನೇಯಸ್ ಪಂಡಿತನು ಇದಕ್ಕೆ ‘ಗಮ್ಮಿ ಗುಟ್ಟ’ ಎಂಬ ಹೆಸರನ್ನಿತ್ತನು. ಚಿತ್ರಕಾರರು ಬಳಸುವ ಹಳದಿ ಬಣ್ಣದ ಅಂಟು ಈ ಮರದಿಂದ ಬರುತ್ತದೆಂದು ಆಗಿನವರು ನಂಬಿದ್ದರು. ಆ ಅಂಟು ಇದರ ದಾಯಾದಿಗಳಾದ ಬೇರೆ ಮರಗಳದೆಂದು ತಿಳಿದುಬಂದರೂ ಇಟ್ಟ ಹೆಸರು ಇಟ್ಟಂತೆಯೇ ಉಳಿಯಿತು.

ನಮ್ಮ ಮನೆಯ ತೋಟದ ಮೇಲ್ಗಡೆ, ಬೆಟ್ಟದ ಅಂಚಿನಲ್ಲಿ ಏಳು ಉಪ್ಪಾಗೆ ಮರಗಳಿದ್ದವು. ಅವನ್ನು ಯಾರೂ ನೆಟ್ಟದ್ದಲ್ಲ. ಅಜ್ಜಿ ಮಾತ್ರ ಏಳಕ್ಕೂ ಹೆಸರಿಟ್ಟಿದ್ದಳು. ದಪ್ಪ ಸಿಪ್ಪೆಯ ಹಣ್ಣು ಬಿಡುವುದು ದಪ್ಪಸಿಪ್ಪೆ. ಇತರ ಮರಗಳ ಹಣ್ಣು ಹಳದಿಯಾದರೆ ಒಂದರದು ಕೆಂಪಗೆ ತಿರುಗುತ್ತಿತ್ತು, ಅದು ಕೆಂಪಿ. ಆರ್ದ್ರೆಯ ಮಳೆಗೇ ಹಣ್ಣುದುರಿಸುವುದು ಅವಸರದ ಮರ. ಎಲ್ಲ ಮುಗಿದಮೇಲೆ, ಮಳೆ ಹೊಳವಾಗುವ ಹೊತ್ತಿಗೆ ಹಣ್ಣಾಗುವುದು ಸೋಮಾರಿ. ಸೋಮಾರಿಯ ಹಣ್ಣಿಗೆ ನಮ್ಮ ಮನೆಯಲ್ಲಿ ಬಹಳ ಬೆಲೆ. ಅದರ ಸಿಪ್ಪೆಗೆ ನಡುನಡುವೆ ಬಿಸಿಲು ದೊರೆತು ಸೌದೆ ಉಳಿಯುತ್ತಿತ್ತು. ಬೆಣ್ಣೆಮರದ ಸಿಪ್ಪೆ ಕಾಗದದಷ್ಟು ತೆಳುವಾದರೂ ಬೀಜಕ್ಕೆ ತುಪ್ಪ ಹೆಚ್ಚು. ಆರನೆಯದರ ಹಣ್ಣು ನಿಂಬೆಯ ಗಾತ್ರದ್ದು, ಆದರೆ ಸಾರಿಗೆ ಒಂದು ಎಸಳು ಹಾಕಿದರೆ ಎರಡನೆಯದನ್ನು ಹಾಕುವ ಧೈರ್ಯ ಯಾರಿಗೂ ಬಾರದು. ಅದನ್ನು ಅಜ್ಜಿ ಅತ್ತೆಮರ ಎನ್ನುತ್ತಿದ್ದಳು. ಏಳನೆಯದು ಕಾಯಿಯನ್ನೇ ಬಿಡುತ್ತಿರಲಿಲ್ಲ. ಅದು ಗಂಡು.

ಒಂದೇ ಬೆಟ್ಟ, ಒಂದೇ ಮಣ್ಣು, ಒಂದೇ ಮಳೆ. ಆದರೂ ಏಳು ಮರಗಳಿಗೆ ಏಳು ಗುಣ. ಬಾಲ್ಯದಲ್ಲಿ ಇದು ಅಜ್ಜಿಯ ಕಲ್ಪನೆಯೆಂದು ನನ್ನ ಎಣಿಕೆಯಿತ್ತು. ಸಸ್ಯಶಾಸ್ತ್ರವನ್ನು ಬಲ್ಲವರೂ ಇದೇ ಮಾತನ್ನು ಹೇಳುತ್ತಾರೆ. ಹಣ್ಣಿನ ತೂಕ, ಸಿಪ್ಪೆಯ ದಪ್ಪ, ಗೀರುಗಳ ಸಂಖ್ಯೆ, ಬಣ್ಣ, ಹುಳಿಯ ಪ್ರಮಾಣ ಎಲ್ಲವೂ ಮರದಿಂದ ಮರಕ್ಕೆ ಬೇರೆ. ಕಾರಣವೂ ಸರಳವಾದುದೇ. ಉಪ್ಪಾಗೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಂಡುಮರದಲ್ಲಿ ಸಣ್ಣ ಹೂಗಳು ಗೊಂಚಲಾಗಿ ಬಂದು ಪರಾಗವನ್ನಿತ್ತು ಉದುರಿಹೋಗುತ್ತವೆ. ಹೆಣ್ಣುಮರದ ಹೂ ಕಾಯಿಗಟ್ಟುತ್ತದೆ. ಹೀಗೆ ಪ್ರತಿಯೊಂದು ಬೀಜಕ್ಕೂ ತಾಯಿ ಒಂದು ಮರ, ತಂದೆ ಇನ್ನೊಂದು ಮರ. ಒಂದು ಮನೆಯ ಮಕ್ಕಳಲ್ಲಿ ಒಬ್ಬನು ಕಪ್ಪು, ಒಬ್ಬಳು ಕೆಂಪು, ಒಬ್ಬನು ಮುಂಗೋಪಿ ಆಗುವಂತೆ ಉಪ್ಪಾಗೆಯ ಸಸಿಗಳಲ್ಲಿಯೂ ಯಾವುದೂ ತಾಯಿಯ ಪಡಿಯಚ್ಚಲ್ಲ. ಆ ಸಸಿಯಾದರೂ ಸುಲಭವಾಗಿ ಹುಟ್ಟುವುದಿಲ್ಲ. ಬಿದ್ದ ಬೀಜ ಮೊಳೆಯಲು ಹಲವು ತಿಂಗಳು ಬೇಕು. ಮೊಳೆತದ್ದು ಗಂಡೋ ಹೆಣ್ಣೋ ತಿಳಿಯಬೇಕಾದರೆ ಅದು ಹೂಬಿಡುವತನಕ, ಎಂದರೆ ಸುಮಾರು ಹತ್ತು ವರ್ಷ, ಕಾಯಬೇಕು.

ಇಂಥ ಮರದ ಮೇಲೆ ಒಂದು ಕಾಲಕ್ಕೆ ಲೋಕದ ಕಣ್ಣು ಬಿತ್ತು. ಅದರ ಕಥೆ ಆರಂಭವಾದುದು ನಮ್ಮ ಮೈಸೂರಿನಲ್ಲಿಯೇ. ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಎಂಬುವರು, ಉಪ್ಪಾಗೆಯ ಸಿಪ್ಪೆಯಲ್ಲಿರುವ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದರು. ಶರೀರದಲ್ಲಿ ಸಕ್ಕರೆಯಂಶವು ಕೊಬ್ಬಾಗಿ ಮಾರ್ಪಡುವ ಕಾರ್ಯಕ್ಕೆ ಬೇಕಾದ ಒಂದು ಕಿಣ್ವವನ್ನು ಈ ಆಮ್ಲವು ತಡೆಯುತ್ತದೆಂದು ಮುಂದೆ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಕಂಡುಬಂದಿತು. ಇಷ್ಟು ಸಾಕಾಯಿತು. ಮೈ ಕರಗಿಸುವ ಗುಳಿಗೆಗಳ ವ್ಯಾಪಾರಿಗಳು ಇದನ್ನು ಹಿಡಿದುಕೊಂಡರು. ತೊಂಬತ್ತರ ದಶಕದಲ್ಲಿ ನಮ್ಮ ಬೆಟ್ಟದ ಕಪ್ಪು ಸಿಪ್ಪೆ ಹಡಗೇರಿ ಪರದೇಶಕ್ಕೆ ಹೊರಟಿತು. ಹಿಂದೆ ಕೇಳುವವರಿಲ್ಲದೆ ಮರದಡಿಯಲ್ಲಿ ಕೊಳೆಯುತ್ತಿದ್ದ ಹಣ್ಣಿಗೆ ಊರೂರಿನಲ್ಲಿ ಕೊಳ್ಳುವವರು ಕಾಣಿಸಿಕೊಂಡರು.

ಬಡವರ ಕೈಗೆ ಮಳೆಗಾಲದಲ್ಲಿ ನಾಲ್ಕು ಕಾಸು ಬಂದುದು ಸಂತೋಷದ ಸಂಗತಿಯೇ. ಕೂಲಿಯಿಲ್ಲದ ಆಷಾಢದಲ್ಲಿ ಉಪ್ಪಾಗೆಯಿಂದ ಒಲೆ ಹೊತ್ತಿದ ಮನೆಗಳನ್ನು ನಾನು ಬಲ್ಲೆ. ಆದರೆ ದುಡ್ಡಿನ ಬೆನ್ನಿಗೆ ಅವಸರವೂ ಬಂದಿತು. ಕಾಡಿನ ಮರಕ್ಕೆ ಒಡೆಯನಿಲ್ಲ. ಇಂದು ನಾನು ಬಿಟ್ಟರೆ ನಾಳೆ ಇನ್ನೊಬ್ಬನು ಕೊಯ್ಯುತ್ತಾನೆ. ಆದ್ದರಿಂದ ಹಣ್ಣಾಗುವ ಮೊದಲೇ ಕಾಯನ್ನು ಕೊಯ್ದರು. ಪಾಚಿಗಟ್ಟಿದ ಮರವನ್ನು ಹತ್ತಲು ಅಂಜಿದವರು ಕೊಂಬೆಯನ್ನೇ ಕಡಿದು ಕೆಳಗಿಳಿಸಿದರು. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಬೇಕಲ್ಲ! ತಟ್ಟಿಯ ಅಟ್ಟ ಕಟ್ಟಿ, ಕೆಳಗೆ ಹಗಲಿರುಳು ಬೆಂಕಿಯಿಟ್ಟು ಹೊಗೆಯಲ್ಲಿ ಒಣಗಿಸಿದರು. ಒಂದು ಮರದ ಹಣ್ಣನ್ನು ಒಣಗಿಸಲು ಬೇರೆ ಮರಗಳು ಒಲೆಗೆ ಬಿದ್ದವು. ಕಾಯಾಗಿರುವಾಗಲೇ ಹಣ್ಣು ಹೋದಮೇಲೆ ಬೀಜವೆಲ್ಲಿ? ಸಿಂಗಳೀಕಕ್ಕೆ ಆಹಾರವೆಲ್ಲಿ? ಅದು ತಿಂದು ಉಗುಳಿದ ಬೀಜದಿಂದ ಹುಟ್ಟಬೇಕಾದ ಸಸಿಯೆಲ್ಲಿ?

ಇನ್ನು ಗುಳಿಗೆಯ ಕಥೆ. ನ್ಯೂಯಾರ್ಕಿನಲ್ಲಿ 135 ಮಂದಿ ಸ್ಥೂಲಕಾಯರನ್ನು ಆರಿಸಿ, ಕೆಲವರಿಗೆ ಉಪ್ಪಾಗೆಯ ಸತ್ತ್ವವನ್ನೂ ಕೆಲವರಿಗೆ ಬರಿಯ ಹುಸಿಗುಳಿಗೆಯನ್ನೂ 12 ವಾರ ಕೊಟ್ಟು ಪರೀಕ್ಷಿಸಿದರು. ಎರಡು ಪಂಗಡಗಳ ನಡುವೆ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲವೆಂದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಬಂದಿತು. ಅಲ್ಲಿಯವರ ಮೈ ಕರಗಿತೋ ಇಲ್ಲವೋ, ಇಲ್ಲಿಯ ಮರಗಳಂತೂ ಸೊರಗಿದವು.

ಈ ಗಲಾಟೆಯಲ್ಲಿ ಬೆಲೆಯೇರಿದ್ದು ಹೆಣ್ಣುಮರಕ್ಕೆ. ಗಂಡುಮರದ ಗ್ರಹಚಾರ ಕೆಟ್ಟಿದ್ದೂ ಆಗಲೇ. ‘ಹಣ್ಣು ಬಿಡದ ಮರಕ್ಕೆ ಜಾಗವೇಕೆ?’ ಎಂಬ ಮಾತು ಎಲ್ಲ ಕಡೆಯೂ ಕೇಳಿಬಂದಿತು. ನಮ್ಮ ಮನೆಯಲ್ಲಿಯೂ ಕೇಳಿಬಂದಿತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಚಿಕ್ಕಪ್ಪನವರು ತೋಟವನ್ನು ಮೇಲಕ್ಕೆ ವಿಸ್ತರಿಸಲು ಹೊರಟರು. ಅಗಳದ ಅಂಚಿನ ಗಂಡುಪ್ಪಾಗೆಯ ನೆರಳು ಹೊಸ ಸಸಿಗಳಿಗೆ ಅಡ್ಡವಾಗುತ್ತಿತ್ತು.

“ತಮ್ಮಾ, ನಾಳೆ ಇದನ್ನು ತೆಗೆಸಿಬಿಡುತ್ತೇನೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ಕಾಯಿ ಬಿಟ್ಟದ್ದಿಲ್ಲ. ದಂಡದ ಮರ” ಎಂದರು.

“ಚಿಕ್ಕಪ್ಪಾ, ಅದು ಗಂಡುಮರ, ಕಾಯಿ ಬಿಡುವುದು ಅದರ ಕೆಲಸವಲ್ಲ. ಅದು ಹೋದರೆ ಉಳಿದವಕ್ಕೆ ಪರಾಗ ಎಲ್ಲಿಂದ ಬರಬೇಕು?” ಎಂದೆ.

“ಕಾನಿನಲ್ಲಿ ಬೇಕಾದಷ್ಟು ಗಂಡುಮರ ಉಂಟು ಮಾರಾಯ. ನಮ್ಮದೇ ಆಗಬೇಕೇನೋ?”

ಚಿಕ್ಕಪ್ಪನವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾನಿನಲ್ಲಿ ಗಂಡುಮರಗಳು ಇದ್ದವು. ಆದರೆ ಆಚೆಮನೆಯವರೂ ಅದನ್ನೇ ಹೇಳಿ ಒಂದನ್ನು ಕಡಿದಿದ್ದರು; ಕೆಳಗಿನ ಕೇರಿಯವರೂ ಅದನ್ನೇ ಹೇಳಿ ಎರಡನ್ನು ಕಡಿದಿದ್ದರು. ಪ್ರತಿಯೊಬ್ಬನೂ ಇನ್ನೊಬ್ಬನ ಗಂಡುಮರವನ್ನು ನಂಬಿಕೊಂಡು ತನ್ನದನ್ನು ಕಡಿದರೆ ಕೊನೆಗೆ ಉಳಿಯುವುದೇನು? ಇದನ್ನು ನಾನು ವಿಸ್ತಾರವಾಗಿ ವಿವರಿಸಿದೆನು. ಚಿಕ್ಕಪ್ಪನವರು ಕವಳ ಮೆಲ್ಲುತ್ತ ಪೂರ್ತಿ ಕೇಳಿದರು; ಕೇಳಿ, ಮರುದಿನ ಬೆಳಿಗ್ಗೆಗೆ ಆಳಿಗೆ ಹೇಳಿಕಳಿಸಿದರು.

ಬಂದವನು ಕಾಡುಹಣ್ಣು ಕೊಯ್ದೇ ತಲೆ ನರೆತ ಮುದುಕ. ಮರದ ಸುತ್ತ ಒಮ್ಮೆ ನಡೆದು, ಮೇಲೆ ನೋಡಿ, “ಒಡೆಯಾ, ಇದರ ಮೇಲೆ ಮೆಣಸಿನ ಬಳ್ಳಿ ತುದಿಯವರೆಗೂ ಹೋಗಿದೆಯಲ್ಲ, ಅದನ್ನೂ ಸೇರಿಸಿಯೇ ಕಡಿಯಬೇಕೊ?” ಎಂದು ಕೇಳಿದನು. ಚಿಕ್ಕಪ್ಪನವರೂ ಮೇಲೆ ನೋಡಿದರು. ಬಳ್ಳಿಯ ತುಂಬ ಕರೆ ಇಳಿದಿತ್ತು. ಆ ವರ್ಷ ಕಾಳುಮೆಣಸಿನ ಧಾರಣೆ ಎಷ್ಟಿತ್ತೆಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. “ಇರಲಿ ಬಿಡು” ಎಂದರು. ನನ್ನ ಸಸ್ಯಶಾಸ್ತ್ರ ಮಾಡಲಾರದ ಕೆಲಸವನ್ನು ಮೆಣಸಿನ ಬಳ್ಳಿ ಮಾಡಿತು. ಆ ಮರ ಇಂದಿಗೂ ನಿಂತಿದೆ.

ಆದರೆ ದಪ್ಪಸಿಪ್ಪೆಗೆ ಅಂಥ ಬಳ್ಳಿಯ ಆಸರೆ ಇರಲಿಲ್ಲ. ವಿಸ್ತರಣೆಗೆ ಅದು ನಡುಮಧ್ಯದಲ್ಲಿಯೇ ಸಿಕ್ಕಿತು. ಅದನ್ನು ಕಡಿಯುವುದೆಂದು ಮನೆಯಲ್ಲಿ ತೀರ್ಮಾನವಾದಾಗ ಚಿಕ್ಕಪ್ಪನ ಮಗಳು, ಕಸಿಯ ಕೆಲಸವನ್ನು ಕಲಿತು ಬಂದಿದ್ದವಳು, ಒಂದು ಮಳೆಗಾಲದ ಅವಧಿ ಕೇಳಿಕೊಂಡಳು. ಉಪ್ಪಾಗೆಯ ಕಸಿಯಲ್ಲೊಂದು ಸೂಕ್ಷ್ಮವಿದೆ. ಅಡ್ಡಕೊಂಬೆಯ ತುದಿಯನ್ನು ತಂದು ಕಸಿ ಮಾಡಿದರೆ ಗಿಡವು ತಾನು ಇನ್ನೂ ಕೊಂಬೆಯೆಂದೇ ತಿಳಿದು ಅಡ್ಡಡ್ಡವಾಗಿ ಹಬ್ಬುತ್ತದೆ, ಮೇಲೇಳುವುದಿಲ್ಲ. ನೆಟ್ಟಗೆ ಮೇಲ್ಮುಖವಾಗಿ ಹೊರಟ ಚಿಗುರು ಸಿಕ್ಕಿದರೆ ಮಾತ್ರ ಮರವಾಗುತ್ತದೆ. ಹಳೆಯ ಮರದಲ್ಲಿ ಅಂಥ ಚಿಗುರು ವಿರಳ. ಅವಳು ಹುಡುಕಿ ಹುಡುಕಿ ಹನ್ನೊಂದನ್ನು ತಂದು ಕಟ್ಟಿದಳು, ನಾಲ್ಕು ಬದುಕಿದವು. ತಾಯಿಮರ ಉರುಳಿದಾಗ ಆ ನಾಲ್ಕು ಗಿಡಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಗೇಣುದ್ದ ನಿಂತಿದ್ದವು. ಐದನೆಯ ವರ್ಷ ಅವುಗಳಲ್ಲೊಂದು ಹಣ್ಣುಬಿಟ್ಟಿತು. ಸಿಪ್ಪೆಯನ್ನು ಕೈಯಲ್ಲಿ ಹಿಡಿದು ನೋಡಿದೆವು. ಅಜ್ಜಿಯ ದಪ್ಪಸಿಪ್ಪೆಯೇ ಸಂದೇಹವಿಲ್ಲ.

ಕಸಿಯ ಉಪಕಾರವನ್ನು ಇದಕ್ಕಿಂತ ಹೆಚ್ಚಾಗಿ ನಾನು ಹೊಗಳಬೇಕಾಗಿಲ್ಲ. ಹೆಣ್ಣೆಂಬುದು ಖಚಿತ, ಗುಣ ಖಚಿತ, ಹತ್ತು ವರ್ಷದ ಕಾಯುವಿಕೆ ಅರ್ಧಕ್ಕಿಳಿಯಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಸಂಸ್ಥೆಗಳು ಈ ಜಾತಿಯ ಮರಗಳ ವಿಷಯದಲ್ಲಿ ಶ್ರಮಿಸಿವೆ. ಈಗ ನಮ್ಮ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿಯೇ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. ಅಪ್ಪೆಮಿಡಿ ಉಳಿದಿರುವುದೂ ಬಹುಮಟ್ಟಿಗೆ ಕಸಿಯಿಂದಲೇ. ಉಪ್ಪಿನಕಾಯಿಗೆಂದು ಎಳೆಯ ಮಿಡಿಯನ್ನೇ ಕೊಯ್ಯುವುದರಿಂದ ಒಳ್ಳೆಯ ಅಪ್ಪೆಮರಕ್ಕೆ ಗೊರಟೆ ಬಲಿಯುವ ಯೋಗವೇ ಇಲ್ಲ. ಬಲಿತರೂ ಆ ಗೊರಟೆಯಿಂದ ತಾಯಿಯ ಪರಿಮಳವೇ ಬರುತ್ತದೆಂಬ ಭರವಸೆಯಿಲ್ಲ.

ಆದರೂ ನನಗೊಂದು ಚಿಂತೆ. ನಾವು ಕಸಿ ಮಾಡುವುದು ನಮಗೆ ಇಂದು ಬೇಕಾದುದನ್ನು ಮಾತ್ರ. ಬೆಲೆಯಿರುವುದು ಸಿಪ್ಪೆಗೆ, ಆದ್ದರಿಂದ ದಪ್ಪಸಿಪ್ಪೆಗೆ ನಾಲ್ಕು ಮಕ್ಕಳಾದವು. ಬೆಣ್ಣೆಮರಕ್ಕೆ ಯಾರೂ ಕಸಿ ಕಟ್ಟಲಿಲ್ಲ. ತುಪ್ಪ ಮಾಡುವ ಅಜ್ಜಿಯೂ ಇಲ್ಲ, ಮಾಡುವ ಪುರಸೊತ್ತು ಯಾರಿಗೂ ಇಲ್ಲ. ಒಂದು ಶ್ರಾವಣದ ಗಾಳಿಗೆ ಅದು ಬುಡಮೇಲಾಯಿತು. ಅದರೊಡನೆ ಹೋದ ಗುಣ ಇನ್ನೊಂದು ಮರದಲ್ಲಿ ಇದ್ದರೂ ಇರಬಹುದು, ಹುಡುಕಿದವರಾರು? ಕಸಿಯ ತೋಟವು ನಾವು ಮೆಚ್ಚಿದ ಮರವನ್ನು ಉಳಿಸುತ್ತದೆ. ನಾವಿನ್ನೂ ಮೆಚ್ಚದ, ನಮ್ಮ ಕಣ್ಣಿಗೇ ಬೀಳದ ಮರವನ್ನು ಉಳಿಸಬಲ್ಲುದು ಕಾಡು ಮಾತ್ರ. ಬೀಜ ಬಿದ್ದು ತಾನಾಗಿ ಹುಟ್ಟುವಲ್ಲಿ ಮಾತ್ರ ಹೊಸ ಗುಣ ಹುಟ್ಟುತ್ತದೆ. ಮುರುಗಲಿನಲ್ಲಿ ನೋಡಿರಿ: ಎಲ್ಲೆಡೆಯೂ ಹಣ್ಣು ಕಡುಗೆಂಪು, ಎಲ್ಲೋ ಅಪರೂಪಕ್ಕೆ ಹಳದಿ ಹಣ್ಣಿನದೊಂದು ಮರವಿರುತ್ತದೆ. ಜನರು ಅದನ್ನು ಬಿಳಿಮುರುಗಲೆನ್ನುತ್ತಾರೆ, ಔಷಧಕ್ಕೆಂದು ದೂರದಿಂದ ಅರಸಿಕೊಂಡು ಬರುತ್ತಾರೆ. ಅದನ್ನು ಯಾವ ಪಂಡಿತನೂ ಸೃಷ್ಟಿಸಲಿಲ್ಲ. ಅದು ಯಾವುದೋ ಗಂಡು, ಯಾವುದೋ ಹೆಣ್ಣು ಮರಗಳಿಗೆ ಹುಟ್ಟಿದ ಕಾಡಿನ ಕೂಸು.

ಮರಗಳ ಈ ಬಗೆಬಗೆಯನ್ನೇ ಸಂಪತ್ತೆಂದು ಎಣಿಸಿದ ಒಂದು ಉದಾಹರಣೆಯನ್ನು ಹುಣಸೆಯ ನಾಡಿನವರೇ ನಮಗೆ ಹಾಕಿಕೊಟ್ಟಿದ್ದಾರೆ. ದೇವನಹಳ್ಳಿಯ ಬಳಿಯ ನಲ್ಲೂರಿನಲ್ಲಿ 50ಕ್ಕೂ ಹೆಚ್ಚು ಎಕರೆಯ ಹಳೆಯ ಹುಣಸೆಯ ತೋಪೊಂದಿದೆ. ಚೋಳರ ಕಾಲದ್ದೆಂದು ಜನರ ನಂಬಿಕೆ. ಕಾಂಡ ಟೊಳ್ಳಾಗಿ, ಸೀಳಿ, ಮತ್ತೆ ಚಿಗುರಿ ನಿಂತ ಮುದಿಮರಗಳು ಅಲ್ಲಿವೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ, 2007ರಲ್ಲಿ, ಆ ತೋಪನ್ನು ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ಭಾರತದಲ್ಲಿಯೇ ಆ ಗೌರವ ಮೊದಲು ಸಂದುದು ಆ ಹುಣಸೆಗಳಿಗೆ. ನಮ್ಮ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡಕ್ಕೂ 2011ರಲ್ಲಿ ಅದೇ ಗೌರವ ದೊರೆತಿದೆ. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವು ಸಿಂಗಳೀಕದ ಹೆಸರನ್ನೇ ಹೊತ್ತು ವಿಸ್ತಾರವಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಉಪ್ಪಾಗೆ ಅಭಯಾರಣ್ಯದಲ್ಲಿ ಮಾತ್ರ ಇರುವ ಮರವಲ್ಲ. ಅದು ಸಾವಿರಾರು ಮನೆಗಳ ಹಿಂದಿನ ಬೆಟ್ಟದಲ್ಲಿ, ಅಗಳದ ಅಂಚಿನಲ್ಲಿ, ಹಳ್ಳದ ತಿರುವಿನಲ್ಲಿದೆ. ಅಲ್ಲಿಗೆ ಸರಕಾರದ ಫಲಕ ಬಾರದು. ಅಲ್ಲಿ ಅದರ ಅಳಿವು ಉಳಿವು ಚಿಕ್ಕಪ್ಪನವರಂಥ ಗೃಹಸ್ಥರ ಒಂದು ಬೆಳಗಿನ ತೀರ್ಮಾನದಲ್ಲಿದೆ.

ಆದುದರಿಂದ ನಮ್ಮ ಸೀಮೆಯ ವಾಚಕರಲ್ಲಿ ನನ್ನ ಬಿನ್ನಹ ಚಿಕ್ಕದು. ಹಣ್ಣು ಕೊಯ್ಯಿರಿ, ಕೊಂಬೆ ಕಡಿಯಬೇಡಿರಿ. ಹಣ್ಣಾಗುವವರೆಗೆ ತಾಳಿರಿ, ಪ್ರತಿ ಮರದಲ್ಲಿಯೂ ಒಂದು ಪಾಲನ್ನು ಮಂಗನಿಗೂ ಮಣ್ಣಿಗೂ ಬಿಡಿರಿ. ಮನೆಯಲ್ಲಿ ಹಿರಿಯರಿದ್ದರೆ, ಯಾವ ಮರದ ಗುಣವೇನೆಂದು ಇಂದೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ನಮ್ಮ ಮನೆಯ ಏಳು ಮರಗಳಲ್ಲಿ ಐದು ಉಳಿದಿವೆ. ಅವುಗಳ ಹೆಸರು ತಿಳಿದವರು ನಾನೂ ಚಿಕ್ಕಪ್ಪನ ಮಗಳೂ ಇಬ್ಬರೇ. ಕೊನೆಯದಾಗಿ, ಕಾಯಿ ಬಿಡದ ಮರವೊಂದು ನಿಮ್ಮ ಅಂಚಿನಲ್ಲಿ ಸುಮ್ಮನೆ ನಿಂತಿದ್ದರೆ ಅದನ್ನು ದಂಡದ ಮರವೆನ್ನಬೇಡಿರಿ. ಸುತ್ತಲಿನ ಕಾನಿನಲ್ಲಿ ಕೆಂಪಗೆ, ಹಳದಿಯಾಗಿ, ಅವಸರದಿಂದ, ಸೋಮಾರಿತನದಿಂದ ಹಣ್ಣಾಗುತ್ತಿರುವ ಮಕ್ಕಳಲ್ಲಿ ಅದರವು ಎಷ್ಟೋ ಇರಬಹುದು. ಅದನ್ನು ಕಡಿಯಲೇಬೇಕೆಂದು ತೋರಿದ ದಿನ ಅದರ ಬುಡಕ್ಕೊಂದು ಮೆಣಸಿನ ಬಳ್ಳಿಯನ್ನಾದರೂ ನೆಟ್ಟುಬಿಡಿರಿ. ಬಳ್ಳಿ ತುದಿ ಮುಟ್ಟುವ ಹೊತ್ತಿಗೆ ನಿಮ್ಮ ಮನಸ್ಸು ಬದಲಾಗಿರುತ್ತದೆ.